ಧಾರಣೆ–ಪಾರಣೆ: ಉಪವಾಸದ ಎರಡು ದಡಗಳ ಊಟ

ಜೈನ ಶ್ರಾವಕಾಚಾರದಲ್ಲಿ ಪರ್ವದ ಉಪವಾಸವೆಂಬುದು ಒಂದು ದಿನದ ಮಾತಲ್ಲ. ಅಷ್ಟಮಿಯ ಉಪವಾಸ ಸಪ್ತಮಿಯ ಮಧ್ಯಾಹ್ನವೇ ಮೊದಲಾಗುತ್ತದೆ. ನವಮಿಯ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಶಾಸ್ತ್ರಕಾರರು ಇದನ್ನು ಹದಿನಾರು ಯಾಮಗಳೆಂದು ಎಣಿಸುತ್ತಾರೆ, ಅಂದರೆ 48 ಗಂಟೆ. ಸಪ್ತಮಿಯ ಒಪ್ಪತ್ತಿನ ಊಟ ಧಾರಣೆ, ನವಮಿಯ ಒಪ್ಪತ್ತಿನ ಊಟ ಪಾರಣೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಚತುರ್ವಿಧ ಆಹಾರದ ತ್ಯಾಗವನ್ನು ಉಪವಾಸವೆಂದೂ ಒಮ್ಮೆ ಮಾತ್ರ ಉಣ್ಣುವುದನ್ನು ಪ್ರೋಷಧವೆಂದೂ ಬೇರ್ಪಡಿಸಿ, ಎರಡನ್ನೂ ಕೂಡಿಸಿ ಪ್ರೋಷಧೋಪವಾಸವೆಂದು ಕರೆಯುತ್ತದೆ. ವ್ರತದ ಹೆಸರಿನಲ್ಲಿಯೇ ಊಟವೂ ಅಡಗಿದೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. ಪಾರವೆಂದರೆ ಆಚೆಯ ದಡ. ಪಾರಣೆ ಎಂದರೆ ದಡ ಮುಟ್ಟುವುದು. ದಡವಿಲ್ಲದ ಹೊಳೆಯನ್ನು ದಾಟಿದೆನೆನ್ನುವುದು ಹೇಗೆ?

ಆದರೆ ಲೋಕರೂಢಿಯಲ್ಲಿ ಈ ಎರಡು ಊಟಗಳು ಬೇರೆಯದೇ ರೂಪ ತಾಳಿವೆ. ನಾಳೆ ಉಪವಾಸವೆಂದು ಇಂದು ಹೋಳಿಗೆ ತುಪ್ಪ, ನಿನ್ನೆ ಉಪವಾಸವಿತ್ತೆಂದು ಇಂದು ಪಾಯಸ. ಇದನ್ನು ಕಂಡು ನಗುವವರೂ ಇದ್ದಾರೆ, ಸಮರ್ಥಿಸುವವರೂ ಇದ್ದಾರೆ. ನಗುವವರ ಪಕ್ಷಕ್ಕೆ ಪೂಜ್ಯಪಾದರ ಬಲವುಂಟು. ತತ್ತ್ವಾರ್ಥಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ ಅವರು ಉಪವಾಸ ಶಬ್ದವನ್ನು ಬಿಡಿಸಿ, ಐದೂ ಇಂದ್ರಿಯಗಳು ತಮ್ಮ ವಿಷಯಗಳ ಹಂಬಲವನ್ನು ತೊರೆದು ಒಳಗೆ ಬಂದು ನೆಲೆಸುವುದೇ ಉಪವಾಸವೆಂದು ಅರ್ಥೈಸುತ್ತಾರೆ. ಹೊಟ್ಟೆ ಬರಿದಾಗಿದ್ದು ನಾಲಗೆ ನಾಳಿನ ಅಡಿಗೆಯ ಮನೆಯಲ್ಲಿ ಅಲೆಯುತ್ತಿದ್ದರೆ ಈ ಅರ್ಥದಲ್ಲಿ ಅದು ಉಪವಾಸವೇ ಅಲ್ಲ. ಇನ್ನೊಂದು ಸಾಕ್ಷ್ಯವು ಆರು ಬಾಹ್ಯತಪಗಳ ಪಟ್ಟಿಯಲ್ಲಿಯೇ ಇದೆ. ಅಲ್ಲಿ ಅನಶನದ ಬೆನ್ನಿಗೇ ಬರುವುದು ಅವಮೌದರ್ಯ, ಅಂದರೆ ಹಸಿವಿಗಿಂತ ಕಡಮೆ ಉಣ್ಣುವುದು. ಬಳಿಕ ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ. ಉಣ್ಣದಿರುವುದಕ್ಕಿಂತ ಉಣ್ಣುವಾಗ ತಡೆಯುವುದು ಹೆಚ್ಚು ಕಷ್ಟವೆಂದು ಬಲ್ಲವರೇ ಈ ಅನುಕ್ರಮವನ್ನು ಹಾಕಿರಬೇಕೆಂದು ನನಗೆ ತೋರುತ್ತದೆ.

ಪುರಾಣಗಳತ್ತ ತಿರುಗಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಪ್ರಥಮ ತೀರ್ಥಂಕರ ವೃಷಭನಾಥನು ದೀಕ್ಷೆ ಪಡೆದು ಆರು ತಿಂಗಳು ಅನಶನದಲ್ಲಿ ನಿಂತನು. ಅವಧಿ ಮುಗಿದು ಚರಿಗೆಗೆ ಹೊರಟಾಗ ಎದುರಾದ ಸಂಕಟ ಹಸಿವಿನದಲ್ಲ, ಕೊಡುವವರ ಅಜ್ಞಾನದ್ದು. ಜನರು ಆನೆ ಕುದುರೆಗಳನ್ನು ತಂದರು, ರತ್ನಗಳನ್ನು ತಂದರು, ಕನ್ಯೆಯರನ್ನು ತಂದು ನಿಲ್ಲಿಸಿದರು. ಮುನಿಗೆ ಅನ್ನವಿಕ್ಕುವ ವಿಧಿ ಮಾತ್ರ ಯಾರಿಗೂ ತಿಳಿದಿರಲಿಲ್ಲ. ಹೀಗೆ ಮತ್ತೆ ತಿಂಗಳುಗಳು ಕಳೆದವು. ಕೊನೆಗೆ ಹಸ್ತಿನಾಪುರದಲ್ಲಿ ಸೋಮಪ್ರಭ ರಾಜನ ತಮ್ಮ ಶ್ರೇಯಾಂಸನಿಗೆ, ಶ್ರೀಮತಿಯಾಗಿ ಹುಟ್ಟಿದ್ದ ಹಿಂದಿನ ಭವದಲ್ಲಿ ವಜ್ರಜಂಘನೊಡನೆ ಚಾರಣಮುನಿಗಳಿಗೆ ಆಹಾರವಿತ್ತ ನೆನಪು ಮರುಕಳಿಸಿತು. ಅವನು ವೈಶಾಖ ಶುಕ್ಲ ತದಿಗೆಯಂದು ಕಬ್ಬಿನ ಹಾಲನ್ನು ಎರೆದನು. ಅದು ಅಕ್ಷಯ ತೃತೀಯೆಯಾಯಿತು. ಈ ಪ್ರಸಂಗ ಜಿನಸೇನರ ಸಂಸ್ಕೃತ ಮಹಾಪುರಾಣದಲ್ಲಿದೆ. ಅದನ್ನನುಸರಿಸಿ 941ರಲ್ಲಿ ಆದಿಪುರಾಣವನ್ನು ಪೂರೈಸಿದ ಪಂಪನ ತಾಯಿಯ ತವರು ನಮ್ಮ ಅಣ್ಣಿಗೇರಿ. ತಪಸ್ಸಿನ ಶಕ್ತಿ ತಪಸ್ವಿಯದು, ಪಾರಣೆಯಾದರೋ ಸಮಾಜದ ತಿಳಿವಳಿಕೆಯ ಪರೀಕ್ಷೆ. ಪುರಾಣವು ಶ್ರೇಯಾಂಸನನ್ನು ದಾನತೀರ್ಥದ ಪ್ರವರ್ತಕನೆಂದು ಕೊಂಡಾಡುವುದು ಈ ಕಾರಣಕ್ಕೆ. ವ್ರತಸಾಹಿತ್ಯವನ್ನು ಬರಿಯ ದೇಹದಂಡನೆಯ ಸಾಹಿತ್ಯವೆಂದು ಓದುವವರು ಈ ಅರ್ಧವನ್ನು ಕೈಬಿಡುತ್ತಾರೆ.

ಇನ್ನೊಬ್ಬ ಜಿನಸೇನರಿದ್ದಾರೆ, ಹೆಸರಿನ ಸಾಮ್ಯದಿಂದ ಇಬ್ಬರನ್ನೂ ಒಬ್ಬರೆಂದು ಬರೆಯುವ ಪರೀಕ್ಷಾ ಉತ್ತರಗಳು ಇಂದಿಗೂ ಕಡಮೆಯಿಲ್ಲ. ಇವರು ಪುನ್ನಾಟ ಸಂಘದವರು. ಆ ಸಂಘದ ಹೆಸರೇ ಕರ್ನಾಟಕದ ಪುನ್ನಾಡನ್ನು ನೆನಪಿಸುತ್ತದೆ. 783ರಲ್ಲಿ ಇವರು ರಚಿಸಿದ ಹರಿವಂಶಪುರಾಣದಲ್ಲಿ ವ್ರತಗಳ ಗಣಿತವೇ ಒಂದು ಅಧ್ಯಾಯವಾಗಿದೆ. ಸಿಂಹನಿಷ್ಕ್ರೀಡಿತವನ್ನೇ ನೋಡಿ. ಸಿಂಹವು ನಾಲ್ಕು ಹೆಜ್ಜೆ ಮುಂದೆ ನಡೆದು ಹಿಂದಿರುಗಿ ನೋಡುವಂತೆ ಉಪವಾಸಗಳು ಏರಿ, ಒಂದು ಇಳಿದು, ಮತ್ತೆ ಏರುತ್ತವೆ: ಒಂದು, ಎರಡು, ಒಂದು, ಮೂರು, ಎರಡು, ನಾಲ್ಕು. ಪ್ರತಿ ಮೆಟ್ಟಿಲಿಗೂ ಒಂದು ಪಾರಣೆ. ಜಘನ್ಯ ಕ್ರಮದಲ್ಲಿ 60 ಉಪವಾಸ, 20 ಪಾರಣೆ, ಒಟ್ಟು 80 ದಿನ. ಮಧ್ಯಮದಲ್ಲಿ 153 ಮತ್ತು 33. ಉತ್ಕೃಷ್ಟದಲ್ಲಿ 496 ಮತ್ತು 61. ಉಂಡ ದಿನಗಳನ್ನು ವ್ರತದ ಲೆಕ್ಕದಿಂದ ಕಳೆದಿಲ್ಲ, ಕೂಡಿಸಿದ್ದಾರೆ. ನಗುವವರಿಗೆ ಇದು ಉತ್ತರ.

ನೆರೆಯ ವೈದಿಕ ಮನೆಗಳಲ್ಲಿಯೂ ಇದೇ ಮೂರು ದಿನಗಳ ಹೆಣಿಗೆಯಿದೆ: ದಶಮಿಗೆ ಒಪ್ಪತ್ತು, ಏಕಾದಶಿಗೆ ನಿರಾಹಾರ, ದ್ವಾದಶಿಯ ಬೆಳಗಿಗೆ ಅಗಸೆ ಸೊಪ್ಪು, ನೆಲ್ಲಿಕಾಯಿಗಳೊಡನೆ ಪಾರಣೆ. ಭಾಗವತದ ಅಂಬರೀಷನ ಕಥೆಯ ಬಿಕ್ಕಟ್ಟು ಈ ಪಾರಣೆಯಲ್ಲಿಯೇ ಹುಟ್ಟುತ್ತದೆ. ದ್ವಾದಶಿ ಮೀರುವುದರೊಳಗೆ ಉಣ್ಣಬೇಕು, ಸ್ನಾನಕ್ಕೆ ಹೋದ ಅತಿಥಿ ದೂರ್ವಾಸ ಬಂದಿಲ್ಲ. ರಾಜನು ನೀರನ್ನಷ್ಟೇ ಕುಡಿದು ವ್ರತವನ್ನು ಉಳಿಸಿಕೊಂಡರೂ ಮುನಿಯ ಕೋಪದಿಂದ ತಪ್ಪಿಸಿಕೊಳ್ಳಲಾರನು. ಜೈನ ವಿಧಿಯಲ್ಲಿಯೂ ಪಾರಣೆಯ ದಿನ ಅತಿಥಿಗೆ ಮೊದಲ ಎಡೆ. ಮುನಿಗಳಿದ್ದರೆ ಅವರ ಆಹಾರವಾದ ಮೇಲೆಯೇ ಶ್ರಾವಕನ ಊಟ. ದಾರಿಗಳು ಬೇರೆಯಾದರೂ ಹಸಿದವನು ತಾನೊಬ್ಬನೇ ಉಣಕೂಡದೆಂಬಲ್ಲಿ ಎರಡೂ ಕೂಡುತ್ತವೆ.

ಏನನ್ನು ಉಣ್ಣಬೇಕು ಎಂಬ ಪ್ರಶ್ನೆಗೆ ವೈದ್ಯಗ್ರಂಥಗಳು ಉತ್ತರಿಸುತ್ತವೆ. ವಮನ ವಿರೇಚನಗಳಾದ ಬಳಿಕ ಚರಕಾದಿಗಳು ವಿಧಿಸುವ ಸಂಸರ್ಜನಕ್ರಮದಲ್ಲಿ ಮೊದಲು ತೆಳುಗಂಜಿ, ಆಮೇಲೆ ಗಟ್ಟಿಗಂಜಿ, ಆಮೇಲೆ ಬೇಳೆಕಟ್ಟು, ಕಡೆಗೆ ಎಂದಿನ ಊಟ. ಬೆಂಕಿಯ ಕಿಡಿಗೆ ಮೊದಲು ಹುಲ್ಲನ್ನೊಡ್ಡಿ ಬಳಿಕ ಕೊರಡನ್ನಿಡುವ ವಿವೇಕವಿದು. ಉಪ್ಪಿನಬೆಟಗೇರಿ, ಅಮ್ಮಿನಬಾವಿಗಳ ಎರೆನೆಲದಲ್ಲಿ ಮುಂಗಾರಿನ ಹೆಸರು ಒಕ್ಕಣೆಯಾಗುವುದೂ ಭಾದ್ರಪದದ ದಶಲಕ್ಷಣ ಪರ್ವ ಬರುವುದೂ ಹೆಚ್ಚುಕಡಮೆ ಒಂದೇ ಕಾಲಕ್ಕೆ. ವೈದ್ಯರು ಹಗುರವೆಂದು ಹೊಗಳಿದ ಹೆಸರಿನ ಕಟ್ಟು ಪಾರಣೆಯ ಹೊತ್ತಿಗೆ ಹೊಸ ಕಾಳಿನದೇ ಸಿಗುತ್ತದೆ. ಪಂಚಾಂಗಕ್ಕೂ ಹೊಲಕ್ಕೂ ಇರುವ ಇಂಥ ನಂಟುಗಳನ್ನು ನಮ್ಮ ಸಂಶೋಧಕರು ಇನ್ನೂ ಹುಡುಕಬೇಕಾಗಿದೆ. ಆಧುನಿಕ ವೈದ್ಯವೂ ಈ ಮೆಟ್ಟಿಲುಗಳನ್ನು ಒಪ್ಪುತ್ತದೆ. 1945ರಲ್ಲಿ ಸೆರೆಶಿಬಿರಗಳಿಂದ ಬಿಡುಗಡೆಯಾದ ಎಷ್ಟೋ ಮಂದಿ ಒಮ್ಮೆಲೇ ಹೊಟ್ಟೆತುಂಬ ಉಂಡು ಸತ್ತರು. ದೀರ್ಘ ನಿರಾಹಾರದ ಮೇಲೆ ಸಿಹಿ ಪಿಷ್ಟಗಳು ಏಕಾಏಕಿ ಒಳಸೇರಿದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯ ಸೋಲಬಹುದು. ಎಂಟು, ಹತ್ತು, ಮೂವತ್ತು ದಿನಗಳ ಉಪವಾಸ ಮಾಡಿದವರಿಗೆ ಬಂಧುಗಳು ಪ್ರೀತಿಯಿಂದ ಲೋಟ ಲೋಟ ಸಿಹಿ ಕುಡಿಸುವ ಮೆರವಣಿಗೆಯ ಪಾರಣೆಗಳನ್ನು ನಾನು ಮೆಚ್ಚಲಾರೆ. ಶ್ರೇಯಾಂಸನ ಕಬ್ಬಿನ ಹಾಲು ಮುನಿಯ ಬೊಗಸೆಯೊಳಗೆ ಬಿದ್ದದ್ದು, ಕೊಡದಲ್ಲಿ ಅಲ್ಲ.

ರುಚಿಯನ್ನು ಜೈನಕವಿಗಳು ಹಗೆಯೆಂದು ಕಂಡವರೂ ಅಲ್ಲ. ಸುಮಾರು 1508ರ ಮೂರನೆಯ ಮಂಗರಸನು ಷಟ್ಪದಿಯಲ್ಲಿ ಸೂಪಶಾಸ್ತ್ರವನ್ನು ಬರೆದನು. ಸಿದ್ಧಚಕ್ರ ವ್ರತದ ಮಹಿಮೆಯುಳ್ಳ ಶ್ರೀಪಾಲನ ಚರಿತೆಯನ್ನೂ ಅವನೇ ಬರೆದನು. ಒಂದೇ ಲೇಖನಿ ಒಗ್ಗರಣೆಯನ್ನೂ ವ್ರತವನ್ನೂ ಬಣ್ಣಿಸಿತು. ಸಾಹಿತ್ಯಚರಿತ್ರೆಗಳು ಎರಡನೆಯದನ್ನು ಕಾವ್ಯವೆಂದು, ಮೊದಲನೆಯದನ್ನು ಶಾಸ್ತ್ರವೆಂದು ಬೇರೆ ಬೇರೆ ಪುಟಗಳಲ್ಲಿ ಇಟ್ಟುದರಿಂದ ಈ ನೆರೆಹೊರೆ ಮರೆಯಾಯಿತು.

ಪಾರಣೆಯಿಲ್ಲದ ಉಪವಾಸ ಒಂದುಂಟು, ಸಲ್ಲೇಖನ. ಅದಕ್ಕೂ ಸಮಂತಭದ್ರರು ಊಟದ ಮೆಟ್ಟಿಲುಗಳನ್ನೇ ಹೇಳುತ್ತಾರೆ: ಮೊದಲು ಅನ್ನವನ್ನು ಕ್ರಮವಾಗಿ ತಗ್ಗಿಸಿ ಹಾಲಿನಂಥ ಸ್ನಿಗ್ಧಪಾನ, ಅದನ್ನೂ ಬಿಟ್ಟು ಕಾಂಜಿ, ಬಿಸಿನೀರಿನಂಥ ಖರಪಾನ, ಅದನ್ನೂ ಬಿಟ್ಟ ಮೇಲೆ ಉಪವಾಸ. ವೈದ್ಯನ ಸಂಸರ್ಜನದ ಏಣಿಯನ್ನು ಇಲ್ಲಿ ಇಳಿಯಲಾಗುತ್ತದೆ. ಒಂದರ ತುದಿಯಲ್ಲಿ ಎಂದಿನ ಊಟ, ಇನ್ನೊಂದರ ತುದಿಯಲ್ಲಿ ಉಪವಾಸ. ಆತುರಕ್ಕೆ ಎರಡರಲ್ಲಿಯೂ ಎಡೆಯಿಲ್ಲ. ಹಿಂದಿನ ಅವಿಭಜಿತ ಧಾರವಾಡ ಜಿಲ್ಲೆಗೆ ಸೇರಿದ್ದ ಬಂಕಾಪುರದಲ್ಲಿ ಗಂಗರ ಮಾರಸಿಂಹನು ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ನಿರಾಹಾರದಿಂದ ದೇಹವಿಟ್ಟುದನ್ನು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಹೇಳುತ್ತದೆ. ಅಲ್ಲಿ ನಾಲ್ಕನೆಯ ದಿನವಿಲ್ಲ.