ಕೆಂಪು ರಕ್ತಕಣದ ಪೂರ್ವಜರನ್ನು ಎಣಿಸಿದ ಬಗೆ

ವಯಸ್ಕ ಮನುಷ್ಯನ ಅಸ್ಥಿಮಜ್ಜೆಯು ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳನ್ನು ರಕ್ತಕ್ಕೆ ಬಿಡುತ್ತದೆ. ಸುಮಾರು 120 ದಿನ ಬದುಕುವ ಈ ಕಣಗಳು ಮಜ್ಜೆಯಿಂದ ಹೊರಡುವ ಮುನ್ನವೇ ತಮ್ಮ ಕೋಶಕೇಂದ್ರವನ್ನು ಕಳಚಿಹಾಕಿರುವುದರಿಂದ ಅವು ಒಡೆದು ಎರಡಾಗಲಾರವು. ಹೀಗಾಗಿ ಪೂರೈಕೆಯ ಹೊಣೆಯೆಲ್ಲ ಮಜ್ಜೆಯಲ್ಲಿಯೇ ಉಳಿಯುವ ಪೂರ್ವಜ ಕೋಶಗಳ ಮೇಲೆ ಬೀಳುತ್ತದೆ. ಆ ಪೂರ್ವಜರಲ್ಲಿ ಕೊನೆಯ ಹಂತದವು ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತಿರುವುದರಿಂದ ಸೂಕ್ಷ್ಮದರ್ಶಕದಲ್ಲಿ ಗುರುತು ಸಿಗುತ್ತವೆ. ಅವಕ್ಕೂ ಹಿಂದಿನವು ತೀರ ವಿರಳವಾಗಿದ್ದು, ನೋಡಲು ಮಜ್ಜೆಯ ಇತರ ಎಳೆಯ ಕೋಶಗಳಂತೆಯೇ ಇರುತ್ತವೆ. ಕಣ್ಣಿಗೆ ಗುರುತು ಸಿಗದ ಕೋಶವನ್ನು ಅದರ ಸಂತತಿಯಿಂದ ಗುರುತಿಸಬಹುದೆಂದು ಕಂಡುಕೊಂಡದ್ದೇ ಮಜ್ಜೆಯ ಕೋಶಕೃಷಿಯ ಚರಿತ್ರೆಯ ತಿರುಳು.

ಮಜ್ಜೆಯೇ ರಕ್ತದ ತವರು ಎಂಬ ತಿಳಿವು 1868ರದು. ಆ ವರ್ಷ ಕೋನಿಗ್ಸ್‌ಬರ್ಗ್‌ನ ಅರ್ನ್‌ಸ್ಟ್ ನಾಯ್ಮನ್ ಮನುಷ್ಯರ ಮತ್ತು ಮೊಲಗಳ ಮೂಳೆಗಳಿಂದ ಹಿಂಡಿ ತೆಗೆದ ಮಜ್ಜೆಯಲ್ಲಿ ಕೋಶಕೇಂದ್ರವುಳ್ಳ ಕೆಂಪು ಕೋಶಗಳನ್ನು ಕಂಡರು. ಇಟಲಿಯ ಜೂಲಿಯೊ ಬಿಟ್ಸೊಜೆರೊ ಅದೇ ಹೊತ್ತಿಗೆ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದರು. ಈ ಉತ್ಪಾದನೆಯನ್ನು ದೇಹವು ಹೇಗೆ ಹೆಚ್ಚಿಸುತ್ತದೆ, ಹೇಗೆ ತಗ್ಗಿಸುತ್ತದೆ ಎಂಬ ಪ್ರಶ್ನೆಗೆ ಪ್ಯಾರಿಸ್ಸಿನ ಕಾರ್ನೋ ಮತ್ತು ಡಿಫ್ಲಾಂಡ್ರ್ 1906ರಲ್ಲಿ ಒಂದು ಉತ್ತರ ಕೊಟ್ಟರು: ರಕ್ತ ತೆಗೆದು ಬಳಲಿಸಿದ ಮೊಲದ ಸೀರಮ್ಮನ್ನು ಬೇರೊಂದು ಮೊಲಕ್ಕೆ ಚುಚ್ಚಿದರೆ ಅದರ ಕೆಂಪು ಕಣಗಳು ಹೆಚ್ಚುತ್ತವೆ, ಆದ್ದರಿಂದ ಸಂದೇಶ ಒಯ್ಯುವ ವಸ್ತುವೊಂದು ರಕ್ತದಲ್ಲಿಯೇ ಇದೆ ಎಂದು. ಪ್ರಯೋಗವನ್ನು ಮರುಮಾಡಿದ ಅನೇಕರಿಗೆ ಅದೇ ಫಲ ದೊರೆಯದ ಕಾರಣ ಈ ಮಾತು ದಶಕಗಳ ಕಾಲ ಸಂಶಯದಲ್ಲಿಯೇ ಉಳಿಯಿತು. ಫಿನ್ಲೆಂಡಿನ ಬಾನ್ಸ್‌ಡಾರ್ಫ್ ಮತ್ತು ಯಾಲವಿಸ್ಟೊ 1948ರಲ್ಲಿ ಆ ವಸ್ತುವಿಗೆ ಎರಿಥ್ರೊಪೊಯೆಟಿನ್ ಎಂದು ಹೆಸರಿಟ್ಟರು. ಅದು ಮುಖ್ಯವಾಗಿ ಮೂತ್ರಪಿಂಡದಿಂದ ಬರುತ್ತದೆ ಎಂಬುದನ್ನು 1957ರಲ್ಲಿ ಷಿಕಾಗೊದ ಜೇಕಬ್ಸನ್, ಗೋಲ್ಡ್‌ವಾಸರ್ ಮತ್ತು ಅವರ ಸಂಗಡಿಗರು ತೋರಿಸಿದರು.

ಇಷ್ಟಾದರೂ ಈ ಹಾರ್ಮೋನು ಯಾವ ಕೋಶದೊಡನೆ ಮಾತನಾಡುತ್ತದೆ ಎಂಬುದು ತಿಳಿದಿರಲಿಲ್ಲ. ಅದನ್ನು ತಿಳಿಯುವ ದಾರಿ ತೆರೆದದ್ದು ಟೊರಾಂಟೊದಲ್ಲಿ. ವಿಕಿರಣದಿಂದ ಮಜ್ಜೆ ನಾಶವಾದ ಇಲಿಗಳಿಗೆ ಆರೋಗ್ಯವಂತ ಇಲಿಯ ಮಜ್ಜೆಯನ್ನು ಚುಚ್ಚಿದಾಗ ಹತ್ತು ದಿನಗಳಲ್ಲಿ ಅವುಗಳ ಗುಲ್ಮದ ಮೇಲೆ ಗಂಟುಗಳು ಏಳುತ್ತವೆಂದೂ ಗಂಟುಗಳ ಸಂಖ್ಯೆಯು ಚುಚ್ಚಿದ ಕೋಶಗಳ ಸಂಖ್ಯೆಗೆ ತಕ್ಕಂತೆ ಏರುತ್ತದೆಂದೂ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ 1961ರಲ್ಲಿ ಪ್ರಕಟಿಸಿದರು. ಒಂದೊಂದು ಗಂಟೂ ಒಂದೇ ಕೋಶದ ಸಂತತಿ ಎಂಬುದು ಎರಡು ವರ್ಷಗಳಲ್ಲಿ ವರ್ಣತಂತುಗಳ ಗುರುತಿನಿಂದ ಸಿದ್ಧವಾಯಿತು. ಇದೇ ಲೆಕ್ಕವನ್ನು ದೇಹದ ಹೊರಗೆ, ಗಾಜಿನ ಬಟ್ಟಲಿನಲ್ಲಿ ಮಾಡಬೇಕಾದರೆ ಒಂದು ಅಡಚಣೆಯಿತ್ತು. ದ್ರವ ಮಾಧ್ಯಮದಲ್ಲಿ ಕೋಶಗಳು ತೇಲಿ ಬೆರೆತುಹೋಗುವುದರಿಂದ ಯಾವುದು ಯಾವುದರ ಸಂತತಿ ಎಂದು ಹೇಳುವಂತಿರಲಿಲ್ಲ. ಇಸ್ರೇಲಿನ ಪ್ಲುಜ್ನಿಕ್ ಮತ್ತು ಸಾಕ್ಸ್ 1965ರಲ್ಲಿ, ಮೆಲ್ಬರ್ನ್‌ನ ಬ್ರ್ಯಾಡ್ಲಿ ಮತ್ತು ಮೆಟ್ಕಾಫ್ 1966ರಲ್ಲಿ ಅರೆಗಟ್ಟಿಯಾದ ಅಗರ್‌ನಲ್ಲಿ ಬಿಳಿ ರಕ್ತಕಣಗಳ ಗೊಂಚಲುಗಳನ್ನು ಬೆಳೆಸಿ ಆ ಅಡಚಣೆಯನ್ನು ದಾಟಿದರು. ಕೋಶ ಕದಲದಿದ್ದರೆ ಅದರ ಮಕ್ಕಳು ಮೊಮ್ಮಕ್ಕಳು ಅಲ್ಲಿಯೇ ಗುಂಪಾಗಿ ಉಳಿಯುತ್ತವೆ. ಗುಂಪನ್ನು ಎಣಿಸಿದರೆ ಮೂಲ ಕೋಶವನ್ನು ಎಣಿಸಿದಂತೆಯೇ.

ಕೆಂಪು ಕಣಗಳ ಸರದಿ ಬಂದದ್ದು 1971ರಲ್ಲಿ. ಸ್ಟೀಫನ್‌ಸನ್, ಆಕ್ಸಲ್‌ರಾಡ್, ಮೆಕ್ಲಿಯಾಡ್ ಮತ್ತು ಶ್ರೀವ್ ಎಂಬ ಟೊರಾಂಟೊದ ಸಂಶೋಧಕರು ಅಗರ್‌ನ ಬದಲು ಹೆಪ್ಪುಗಟ್ಟಿಸಿದ ಪ್ಲಾಸ್ಮಾದಲ್ಲಿ ಇಲಿಯ ಭ್ರೂಣದ ಯಕೃತ್ತಿನ ಕೋಶಗಳನ್ನು ಬಿತ್ತಿ, ಎರಿಥ್ರೊಪೊಯೆಟಿನ್ ಬೆರೆಸಿದಾಗ ಎರಡೇ ದಿನಗಳಲ್ಲಿ ಹಿಮೋಗ್ಲೋಬಿನ್ ತಯಾರಿಸುವ ಪುಟ್ಟ ಗೊಂಚಲುಗಳು ಮೂಡುವುದನ್ನು ಕಂಡರು. ಪ್ಲಾಸ್ಮಾದ ಹೆಪ್ಪಿಗೆ ಒಂದು ದೊಡ್ಡ ಅನುಕೂಲವಿತ್ತು: ಅದನ್ನು ಇಡಿಯಾಗಿ ಗಾಜಿನ ಪಟ್ಟಿಯ ಮೇಲಿಳಿಸಿ, ಹಿಮೋಗ್ಲೋಬಿನ್ನನ್ನು ತೋರಿಸುವ ಬೆಂಜಿಡೀನ್ ಬಣ್ಣ ಹಾಕಿ ಕಾಪಿಡಬಹುದಿತ್ತು. ಈ ಗೊಂಚಲನ್ನು ಹುಟ್ಟಿಸುವ ಕೋಶಕ್ಕೆ ಸಿಎಫ್‌ಯು-ಇ ಎಂಬ ಹೆಸರು ನಿಂತಿತು. ಮುಂದೆ ಆಕ್ಸಲ್‌ರಾಡ್ ಬಳಗವು ಹಾರ್ಮೋನಿನ ಪ್ರಮಾಣವನ್ನು ಬಹಳಷ್ಟು ಹೆಚ್ಚಿಸಿ, ಹೆಚ್ಚು ದಿನ ಕಾದಾಗ, ಸಣ್ಣ ಗೊಂಚಲುಗಳು ಮರೆಯಾದ ಮೇಲೆ ಅನೇಕ ಗೊಂಚಲುಗಳ ದೊಡ್ಡ ಸಮೂಹಗಳು ಕಾಣಿಸಿಕೊಂಡವು. ಇವುಗಳ ಮೂಲವಾದ, ವಂಶಕ್ರಮದಲ್ಲಿ ಇನ್ನೂ ಹಿರಿಯವಾದ ಕೋಶಕ್ಕೆ ಬಿಎಫ್‌ಯು-ಇ ಎಂದು ಹೆಸರಾಯಿತು. ಮನುಷ್ಯನ ಮಜ್ಜೆಯಿಂದ ಇಂಥ ಕೆಂಪು ಗೊಂಚಲುಗಳನ್ನು ಬೆಳೆಸಿದ ವರದಿಗಳು ಬಂದದ್ದು 1974ರಲ್ಲಿ. ಸಿಎಫ್‌ಯು-ಇಯ ಗೊಂಚಲಿಗೆ ಸುಮಾರು ಏಳು ದಿನ, ಬಿಎಫ್‌ಯು-ಇಯ ಸಮೂಹಕ್ಕೆ ಸುಮಾರು ಹದಿನಾಲ್ಕು ದಿನ ಕಾಯಬೇಕಾದ ಈ ಕೆಲಸದಲ್ಲಿ ಇಸ್ಕೊವ್ ಮತ್ತು ಸಂಗಡಿಗರು ಅದೇ ವರ್ಷ ಬಳಕೆಗೆ ತಂದ, ಜೋನಿಬೆಲ್ಲದಷ್ಟು ಮಂದವಾದ ಮೀಥೈಲ್ ಸೆಲ್ಯುಲೋಸ್ ಮಾಧ್ಯಮವು ಕ್ರಮೇಣ ಪ್ಲಾಸ್ಮಾದ ಹೆಪ್ಪಿನ ಜಾಗವನ್ನು ಹಿಡಿಯಿತು. ಅದರಲ್ಲಿ ಗೊಂಚಲುಗಳ ಕೆಂಪು ಬಣ್ಣ ಯಾವ ಲೇಪವಿಲ್ಲದೆಯೇ ಕಾಣುತ್ತಿತ್ತು, ಬೇಕಾದ ಗೊಂಚಲನ್ನು ಸಣ್ಣ ನಳಿಕೆಯಿಂದ ಹೀರಿ ತೆಗೆಯಲೂ ಬರುತ್ತಿತ್ತು.

ಈ ವಿದ್ಯೆಯ ಅತ್ಯಂತ ಬೆಲೆಯುಳ್ಳ ಫಲ ರೋಗನಿದಾನದಲ್ಲಿ ದೊರೆತದ್ದೆಂದು ಹೇಳಬೇಕು. ಕೆಂಪು ಕಣಗಳು ಮಿತಿಮೀರುವ ಪಾಲಿಸೈಥೀಮಿಯಾ ವೆರಾ ರೋಗಿಗಳ ಮಜ್ಜೆಯು ಎರಿಥ್ರೊಪೊಯೆಟಿನ್ ಬೆರೆಸದ ಬಟ್ಟಲಿನಲ್ಲಿಯೂ ಗೊಂಚಲು ಕಟ್ಟುತ್ತದೆ ಎಂದು ಪ್ರಖಲ್ ಮತ್ತು ಆಕ್ಸಲ್‌ರಾಡ್ 1974ರಲ್ಲಿ ವರದಿ ಮಾಡಿದರು. ಆಜ್ಞೆಗೆ ಕಾಯದೆ ಬೆಳೆಯುವ ಈ ಕೋಶಗಳ ಒಳಗುಟ್ಟು ಮೂರು ದಶಕಗಳ ಕಾಲ ತಿಳಿಯಲಿಲ್ಲ. 2005ರಲ್ಲಿ ಫ್ರಾನ್ಸಿನ ವಿಲಿಯಂ ವೈನ್‌ಶಾಂಕರ್ ಬಳಗವೂ ಇತರ ಕೆಲವು ಬಳಗಗಳೂ ಜಾಕ್-2 ಎಂಬ ಪ್ರೋಟೀನಿನ 617ನೆಯ ಸ್ಥಾನದಲ್ಲಿ ಒಂದು ಅಮೈನೊ ಆಮ್ಲ ಬದಲಾಗಿರುವುದನ್ನು ಗುರುತಿಸಿದವು. ಬಟ್ಟಲಿನಲ್ಲಿ ಕಂಡ ವಿಚಿತ್ರ ವರ್ತನೆಯೇ ಈ ಶೋಧಕ್ಕೆ ಸುಳಿವಾಗಿತ್ತೆಂಬುದನ್ನು ಮರೆಯಬಾರದು. ವಿಶ್ವ ಆರೋಗ್ಯ ಸಂಸ್ಥೆಯ 2008ರ ರೋಗನಿರ್ಣಯ ಸೂತ್ರಗಳಲ್ಲಿಯೂ ಈ ಗೊಂಚಲು ಪರೀಕ್ಷೆಗೆ ಸ್ಥಾನವಿತ್ತು. ಇನ್ನೊಂದೆಡೆ, ಪಾರ್ವೊವೈರಸ್ ಬಿ19 ಎಂಬ ವೈರಸ್ಸು ಕೆಂಪು ಗೊಂಚಲುಗಳನ್ನೇ ಅಡಗಿಸುತ್ತದೆ ಎಂದು 1983ರಲ್ಲಿ ಸಿದ್ಧವಾದಾಗ, ಸಿಕಲ್ ಸೆಲ್ ರೋಗವುಳ್ಳ ಮಕ್ಕಳಲ್ಲಿ ರಕ್ತದ ಉತ್ಪಾದನೆ ಇದ್ದಕ್ಕಿದ್ದಂತೆ ನಿಂತುಹೋಗುವುದೇಕೆ ಎಂಬುದಕ್ಕೆ ವಿವರಣೆ ದೊರೆಯಿತು.

ಈ ಪ್ರಯೋಗಗಳಿಗೆಲ್ಲ ಬೇಕಾದ ಹಾರ್ಮೋನು ಮೊದಮೊದಲು ರಕ್ತಹೀನ ಕುರಿಗಳ ಪ್ಲಾಸ್ಮಾದಿಂದ, ಬಳಿಕ ರೋಗಿಗಳ ಮೂತ್ರದಿಂದ ಬರುತ್ತಿತ್ತು. ಮಜ್ಜೆ ಬರಡಾದ ಅಪ್ಲಾಸ್ಟಿಕ್ ಅನೀಮಿಯಾ ರೋಗಿಗಳಿಂದ ಜಪಾನಿನಲ್ಲಿ ಮಿಯಾಕೆ ಸಂಗ್ರಹಿಸಿದ 2,550 ಲೀಟರ್ ಮೂತ್ರದಿಂದ ಕೆಲವೇ ಮಿಲಿಗ್ರಾಂ ಶುದ್ಧ ಎರಿಥ್ರೊಪೊಯೆಟಿನ್ ಪಡೆದುದನ್ನು ಗೋಲ್ಡ್‌ವಾಸರ್ ಬಳಗವು 1977ರಲ್ಲಿ ಪ್ರಕಟಿಸಿತು. ಅದರ ಜೀನು 1983ರಲ್ಲಿ ಫು-ಕುಯೆನ್ ಲಿನ್ ಅವರ ಕೈಗೆ ಸಿಕ್ಕಿತು, ಅದರಿಂದಾದ ಔಷಧಕ್ಕೆ ಅಮೆರಿಕದಲ್ಲಿ 1989ರಲ್ಲಿ ಅನುಮತಿ ದೊರೆಯಿತು. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ಸಿನಲ್ಲಿರುವ ಲಕ್ಷಾಂತರ ಜನರ ಪಾಲಿಗೆ ಸಂಜೀವಿನಿಯಾದ ಈ ಔಷಧದ ಹಿಂದೆ ಗುಣವಾಗದ ರಕ್ತಹೀನತೆಯಿಂದ ನರಳುತ್ತಿದ್ದವರ ದಾನವಿದೆ. ವೈದ್ಯಚರಿತ್ರೆಯು ಅದನ್ನು ಇನ್ನಷ್ಟು ಗೌರವದಿಂದ ನೆನೆಯಬೇಕಾಗಿದೆ.

ಶುದ್ಧ ಹಾರ್ಮೋನು ಹೇರಳವಾದ ಮೇಲೆ ಕೆಲಸದ ಗುರಿ ಎಣಿಕೆಯಿಂದ ಉತ್ಪಾದನೆಯತ್ತ ಹೊರಳಿತು. ಜೆರುಸಲೇಮಿನ ಎಯ್ಟನ್ ಫಿಬಾಖ್ 1989ರ ಸುಮಾರಿಗೆ ರೂಪಿಸಿದ ಎರಡು ಹಂತಗಳ ದ್ರವಕೃಷಿಯು ಥಲಸೀಮಿಯಾ ಅಧ್ಯಯನಕ್ಕೆ ನೆರವಾಯಿತು. ಪ್ಯಾರಿಸ್ಸಿನ ಲೂಕ್ ದುವೆ ಬಳಗವು ಆಕರಕೋಶಗಳಿಂದ ಕೋಶಕೇಂದ್ರವಿಲ್ಲದ ಪಕ್ವ ಕೆಂಪು ಕಣಗಳನ್ನು ಬೆಳೆಸಿದ್ದನ್ನು 2005ರಲ್ಲಿಯೂ ಅಂಥ ಸಾವಿರ ಕೋಟಿ ಕಣಗಳನ್ನು ಒಬ್ಬ ಸ್ವಯಂಸೇವಕರಿಗೆ ಅವರ ಸ್ವಂತ ಕೋಶಗಳಿಂದಲೇ ತಯಾರಿಸಿ ಕೊಟ್ಟದ್ದನ್ನು 2011ರಲ್ಲಿಯೂ ಪ್ರಕಟಿಸಿತು. ಆಸ್ಪತ್ರೆಯಲ್ಲಿ ಕೊಡುವ ಒಂದು ಯೂನಿಟ್ ರಕ್ತದಲ್ಲಿ ಸುಮಾರು ಎರಡು ಲಕ್ಷ ಕೋಟಿ ಕಣಗಳಿರುವುದರಿಂದ ಇದು ಅದರ ಇನ್ನೂರನೆಯ ಒಂದು ಪಾಲು ಮಾತ್ರ. ಬ್ರಿಸ್ಟಲ್‌ನ ಸಂಶೋಧಕರು 2017ರಲ್ಲಿ ವಯಸ್ಕರ ಮಜ್ಜೆಯ ಕೋಶಗಳಿಂದಲೇ ಬೆಲ್-ಎ ಎಂಬ, ನಿಲ್ಲದೆ ವೃದ್ಧಿಸುತ್ತ ಬೇಕಾದಾಗ ಕೆಂಪು ಕಣಗಳಾಗಿ ಬಲಿಯಬಲ್ಲ ಪೂರ್ವಜ ಕೋಶಗಳ ಸಂತತಿಯನ್ನು ಕಟ್ಟಿದರು. 2022ರಲ್ಲಿ ಬ್ರಿಟನ್ನಿನಲ್ಲಿ ಬೇರೊಂದು ದಾರಿಯಿಂದ, ರಕ್ತದಾನಿಗಳ ಆಕರಕೋಶಗಳಿಂದ ಬೆಳೆಸಿದ ಕೆಂಪು ಕಣಗಳನ್ನು ಮತ್ತೊಬ್ಬರ ದೇಹಕ್ಕೆ ಕೊಡುವ ಪರೀಕ್ಷೆ ಮೊದಲಾಯಿತು. ಪ್ರತಿಯೊಬ್ಬರಿಗೆ ಕೊಟ್ಟದ್ದು ಒಂದೆರಡು ಚಮಚದಷ್ಟು. ಒಟ್ಟಿಗೆ ಹುಟ್ಟಿದ ಎಳೆಯ ಕಣಗಳು, ನಾನಾ ವಯಸ್ಸಿನ ಕಣಗಳು ಬೆರೆತ ದಾನದ ರಕ್ತಕ್ಕಿಂತ ಹೆಚ್ಚು ದಿನ ಬಾಳುತ್ತವೆಯೇ ಎಂದು ಅಳೆಯುವುದು ಆ ಪರೀಕ್ಷೆಯ ಉದ್ದೇಶವಾಗಿತ್ತು. ಹಾಗೆ ಬಾಳುವುದಾದರೆ, ಪದೇ ಪದೇ ರಕ್ತ ಪಡೆಯಬೇಕಾದ ಥಲಸೀಮಿಯಾ ಮತ್ತು ಸಿಕಲ್ ಸೆಲ್ ರೋಗಿಗಳಿಗೆ ರಕ್ತಪೂರಣಗಳ ನಡುವಿನ ಅಂತರ ಹೆಚ್ಚಿ, ಅವರ ದೇಹದಲ್ಲಿ ಕಬ್ಬಿಣದಂಶ ಶೇಖರವಾಗುವುದು ಕಡಿಮೆಯಾದೀತು.