ಬಿಟ್ಟ ದತ್ತಿ, ಬಿಡದ ಕೈ

ಸವದತ್ತಿಯ ಹೆಸರಿನಲ್ಲಿರುವ ‘ದತ್ತಿ’ ನಿಜವಾದ ದತ್ತಿಯಲ್ಲ. ಶಾಸನಗಳ ಸುಗಂಧವರ್ತಿ ಜನರ ನಾಲಿಗೆಯ ಮೇಲೆ ಸವೆದು ಸವದತ್ತಿಯಾಯಿತು. ಆದರೆ ಆ ಊರಿನ ಕಲ್ಲುಗಳಲ್ಲಿ ದತ್ತಿಗೇನೂ ಬರವಿಲ್ಲ. 980ರಲ್ಲಿ ರಟ್ಟರ ಶಾಂತಿವರ್ಮ ಅಲ್ಲಿ ಜಿನಾಲಯ ಕಟ್ಟಿಸಿ 150 ಮತ್ತರು ಭೂಮಿ ಬಿಟ್ಟ.

‘ಬಿಟ್ಟ’ ಎಂದದ್ದು ಬೇಕೆಂದೇ. ನಮ್ಮ ಶಾಸನಗಳಲ್ಲಿ ದತ್ತಿಯನ್ನು ಕೊಡುವುದಷ್ಟೇ ಅಲ್ಲ, ಬಿಡುತ್ತಾರೆ. ಕೊಟ್ಟವನು ಎಂದಾದರೂ ವಾಪಸು ಕೇಳಿಯಾನು. ಬಿಟ್ಟವನಿಗೆ ಆ ಬಾಯಿಲ್ಲ. ಶಾಸನದ ಕೊನೆಗೆ ಬರುವ ಶಾಪವೂ ಅದನ್ನೇ ಹೇಳುತ್ತದೆ: ತಾನು ಕೊಟ್ಟದ್ದನ್ನಾಗಲಿ ಬೇರೆಯವರು ಕೊಟ್ಟದ್ದನ್ನಾಗಲಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗುತ್ತಾನೆ. ‘ತಾನು ಕೊಟ್ಟದ್ದು’ ಎಂಬಲ್ಲೇ ಅರಸನ ಮೂಗಿಗೆ ದಾರ ಬಿದ್ದಿದೆ.

ಹಾಗೆಂದು ಧರ್ಮ ಒಂದು ಕಡೆ, ರಾಜ್ಯ ಒಂದು ಕಡೆ ಇದ್ದವೆಂದಲ್ಲ. ರಟ್ಟರ ರಾಜಗುರು ಮುನಿಚಂದ್ರದೇವ ಮಂತ್ರಿಯೂ ಆಗಿದ್ದ. ಅವನನ್ನು ಹೊಗಳುವ 1229ರ ಸುಮಾರಿನ ಸವದತ್ತಿ ಶಾಸನ ಹೇಳುವುದು ಮಲ್ಲಿಕಾರ್ಜುನನ ಗುಡಿಯ ದತ್ತಿಯ ಸಂಗತಿ.

ಧರ್ಮ, ರಾಜ್ಯ ಬೇರೆ ಬೇರೆ ಇರಲಿ ಎಂದ ಅಮೆರಿಕದವರಿಗೆ ಅಂಜಿಕೆ ಇದ್ದದ್ದು ಕೊಡುವ ಕೈಯದು. ಕ್ರೈಸ್ತ ಬೋಧಕರಿಗಾಗಿ ವರ್ಜೀನಿಯಾದಲ್ಲಿ ತೆರಿಗೆ ಎತ್ತಲು ಹೊರಟಾಗ 1785ರಲ್ಲಿ ಮ್ಯಾಡಿಸನ್ ಅಡ್ಡ ನಿಂತ. 1791ರ ಮೊದಲ ತಿದ್ದುಪಡಿ ಸರ್ಕಾರಿ ಧರ್ಮವೇ ಬೇಡವೆಂದಿತು. ಜೆಫರ್ಸನ್ 1802ರ ಪತ್ರದಲ್ಲಿ ಅದನ್ನು ಧರ್ಮಕ್ಕೂ ರಾಜ್ಯಕ್ಕೂ ನಡುವಿನ ಗೋಡೆಯೆಂದು ಕರೆದ. ನಮ್ಮ ಶಾಸನ ಕವಿಗೆ ಕೊಡುವ ಕೈ ಪುಣ್ಯದ್ದು. ಅವನು ಕಾವಲು ಹಾಕಿದ್ದು ಕಸಿಯುವ ಕೈಗೆ.

1824ರಲ್ಲಿ ಸವದತ್ತಿಯ ಸೀಮೆಯದೇ ಆದ ಕಿತ್ತೂರು ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. 1852ರ ಇನಾಮು ಕಾಯ್ದೆ ಬಂದಾಗ ಹುಳುವಿನ ಭಯ ಹೋಗಿ ಸನದು ತೋರಿಸುವ ಭಯ ಹುಟ್ಟಿತು. ಕಚೇರಿಯ ಕಡತದಲ್ಲಿ ಗುಡಿಯ ದತ್ತಿ ‘ದೇವಸ್ಥಾನ ಇನಾಮು’ ಆಗಿ ಕೂತಿತು.

‘ಬಿಡು’ ಮಾತ್ರ ಊರಲ್ಲೇ ಉಳಿದು ಕೆಟ್ಟಿತು. ಸವದತ್ತಿ ಗುಡ್ಡದ ಯಲ್ಲಮ್ಮನಿಗೆ ಹೆಣ್ಣುಮಕ್ಕಳನ್ನು ‘ಬಿಟ್ಟರು’, ಮುತ್ತು ಕಟ್ಟಿ ದೇವದಾಸಿಯರಾಗಿಸಿದರು. ಭೂಮಿಗೆ ಸಲ್ಲುವ ಮಾತನ್ನು ಮಗಳಿಗೆ ಹಚ್ಚಿದರು. 1934ರಲ್ಲಿ ಮುಂಬಯಿ ಸರ್ಕಾರ, 1982ರಲ್ಲಿ ಕರ್ನಾಟಕ ಇದನ್ನು ಕಾನೂನಿನಿಂದ ತಡೆದವು. ಸರ್ಕಾರ ಧರ್ಮದಿಂದ ದೂರ ನಿಲ್ಲಬೇಕೆಂದು ಗಟ್ಟಿಯಾಗಿ ವಾದಿಸುವವರು ಒಮ್ಮೆ ಗುಡ್ಡ ಹತ್ತಿ, ಹಾಗೆ ಬಿಡಲ್ಪಟ್ಟು ಈಗ ಮುದುಕಿಯರಾದವರ ಮುಂದೆ ಅದನ್ನು ಹೇಳಲಿ.

ಇಂದು ದತ್ತಿ ಇಲಾಖೆಯ ಫಲಕದಲ್ಲಿದೆ: ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಇಲಾಖೆ. ಇಷ್ಟುದ್ದ ಯಾರು ಹೇಳುತ್ತಾರೆ? ಮೈಸೂರು ಸೀಮೆಯ ‘ಮುಜರಾಯಿ’ಯೇ ಈಗ ಬೈಲಹೊಂಗಲದಲ್ಲೂ ನಡೆಯುತ್ತದೆ. ಬಿಟ್ಟದ್ದನ್ನು ಹಿಡಿದು ಕೂರುವುದೇ ಈ ಇಲಾಖೆಯ ಕೆಲಸ. ಹಿಡಿತ ಎಷ್ಟಿರಬೇಕೆಂಬ ಜಗಳ ಹಳೆಯದು. 1954ರಲ್ಲಿ ಉಡುಪಿಯ ಶೀರೂರು ಮಠದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮದರಾಸು ಸರ್ಕಾರ ಧಾರ್ಮಿಕ ಸಂಸ್ಥೆಗಳಿಂದ ಎತ್ತುತ್ತಿದ್ದ ವಂತಿಗೆ ಶುಲ್ಕವಲ್ಲ, ತೆರಿಗೆ ಎಂದು ಅದನ್ನು ತಳ್ಳಿಹಾಕಿತು.

ನಮ್ಮ 1997ರ ಕಾಯ್ದೆ ಜಾರಿಗೆ ಬಂದದ್ದು 2003ರಲ್ಲಿ. ಅದು ಮಠಗಳನ್ನೂ ಮಠಗಳಿಗೆ ಸೇರಿದ ಗುಡಿಗಳನ್ನೂ ಹೊರಗಿಟ್ಟಿತು. ಹಾಗಾಗಿ ಯಲ್ಲಮ್ಮನ ಗುಡ್ಡ ಇಲಾಖೆಯ ಕೈಯಲ್ಲಿದೆ. ಕಿತ್ತೂರು ದೇಸಾಯರ ರಾಜಗುರು ಪೀಠವಾಗಿದ್ದ ಕಲ್ಮಠ ಆ ಕೈಗೆ ಎಟುಕುವುದಿಲ್ಲ. ಈ ತಾರತಮ್ಯವನ್ನೂ ಎತ್ತಿ ತೋರಿಸಿ 2006ರಲ್ಲಿ ಹೈಕೋರ್ಟು ಕಾಯ್ದೆಯನ್ನು ಹೊಡೆದುಹಾಕಿತು. ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಇಲಾಖೆ ಇದ್ದಲ್ಲೇ ಇತ್ತು.