ಪಂಜರದ ಕೋಳಿಗಳಿಗೆ ಯಂತ್ರ ಸುರಿಯುವ ಬಿಳಿ ಪುಡಿ ಏನು? ನೀಲಿ ನೀರು ಯಾಕೆ? ಫಾರ್ವರ್ಡ್ ವಿಡಿಯೊಗಳಲ್ಲಿ ಕಾಣುವ ಉಪಕರಣಗಳ ಅಸಲಿ ಕೆಲಸ

ಉದ್ದನೆಯ ಶೆಡ್. ಎರಡೂ ಕಡೆ ಮೂರು-ನಾಲ್ಕು ಅಂತಸ್ತಿನ ತಂತಿಯ ಪಂಜರಗಳು. ಹಳಿಯ ಮೇಲೆ ನಿಧಾನವಾಗಿ ಸಾಗುವ ಒಂದು ಯಂತ್ರ ಕೋಳಿಗಳ ಮುಂದೆ ಪುಡಿಯಂಥದ್ದೇನೋ ಸುರಿಯುತ್ತಾ ಹೋಗುತ್ತದೆ. ಕೆಳಗೆ ಬರಹ: "ನೋಡಿ, ಕೋಳಿಗಳಿಗೆ ರಾಸಾಯನಿಕ ಹೇಗೆ ತಿನ್ನಿಸುತ್ತಾರೆ! ಇನ್ನಾದರೂ ಚಿಕನ್ ತಿನ್ನುವುದು ಬಿಡಿ. ಎಲ್ಲರಿಗೂ ಶೇರ್ ಮಾಡಿ." ಇಂಥ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ.

ಒಂದೇ ಮಾತಿನಲ್ಲಿ ಹೇಳುವುದಾದರೆ, ಅದು ಆಹಾರ ಹಾಕುವ ಗಾಡಿ. ಆದರೆ ಪಂಜರದ ಕೋಳಿ ಸಾಕಣೆಯಲ್ಲಿ ಕೇಳಬೇಕಾದ ಪ್ರಶ್ನೆಗಳೇ ಇಲ್ಲವೆಂದಲ್ಲ. ಫಾರ್ವರ್ಡ್‌ಗಳು ತಪ್ಪು ಪ್ರಶ್ನೆ ಕೇಳುತ್ತಿವೆ, ಅಷ್ಟೇ. ವಿಡಿಯೊಗಳಲ್ಲಿ ಕಾಣುವ ಒಂದೊಂದೇ ಉಪಕರಣವನ್ನು ನೋಡುತ್ತಾ ಹೋಗೋಣ.

ಮೊದಲು, ಅದು ಯಾವ ಕೋಳಿ?

ನಮ್ಮ ದೇಶದಲ್ಲಿ ಅಂತಸ್ತಿನ ಪಂಜರಗಳಲ್ಲಿ ಇರುವುದು ಬಹುತೇಕ ಮೊಟ್ಟೆಕೋಳಿ, ಅಂದರೆ ಲೇಯರ್. ನಾವು ಅಂಗಡಿಯಲ್ಲಿ ಚಿಕನ್ ಎಂದು ಕೊಳ್ಳುವ ಬ್ರಾಯ್ಲರ್ ಕೋಳಿಗಳನ್ನು ಸಾಮಾನ್ಯವಾಗಿ ನೆಲದ ಮೇಲೆ, ಭತ್ತದ ಹೊಟ್ಟು ಹರಡಿ ಸಾಕುತ್ತಾರೆ. ಚೀನಾದಲ್ಲಿ ಬ್ರಾಯ್ಲರ್‌ಗಳನ್ನೂ ಅಂತಸ್ತಿನ ಪಂಜರದಲ್ಲಿ ಸಾಕುವ ಫಾರಂಗಳಿವೆ. ಅಲ್ಲಿಯ ವಿಡಿಯೊಗೆ ಇಲ್ಲಿಯ ಬರಹ ಅಂಟಿಸಿ ಹಂಚುವುದೂ ಉಂಟು. ಆದ್ದರಿಂದ ಪಂಜರ ತೋರಿಸಿ "ಚಿಕನ್ ತಿನ್ನಬೇಡಿ" ಎಂದರೆ ಅಲ್ಲೇ ಎಡವಟ್ಟಿದೆ.

ಇದು ಸಣ್ಣ ವಿಷಯವೆಂದು ಬಿಡುವ ಹಾಗಿಲ್ಲ. 2020ರ ಆರಂಭದಲ್ಲಿ ಕೋಳಿಯಿಂದ ಕೊರೊನಾ ಬರುತ್ತದೆ ಎಂಬ ಸುಳ್ಳು ಸುದ್ದಿ ವಾಟ್ಸಾಪ್‌ನಲ್ಲಿ ಓಡಾಡಿದಾಗ ಕೋಳಿ ಬೆಲೆ ನೆಲಕಚ್ಚಿತು. ಬೆಳಗಾವಿ ಜಿಲ್ಲೆಯಲ್ಲಿ ಸಾವಿರಾರು ಕೋಳಿಗಳನ್ನು ಜೀವಂತವಾಗಿ ಗುಂಡಿಗೆ ಸುರಿದು ಮಣ್ಣು ಮುಚ್ಚಿದ ದೃಶ್ಯ ನೋಡಿದವರು ಮರೆತಿರಲಾರರು. ಆ ಕೋಳಿಗಳಿಗೆ ಯಾವ ರೋಗವೂ ಇರಲಿಲ್ಲ, ಕೊಳ್ಳುವವರು ಇರಲಿಲ್ಲ.

ಗಾಡಿ ಸುರಿಯುವ ಬಿಳಿ ಪುಡಿ

ಒಂದು ಮೊಟ್ಟೆಕೋಳಿ ದಿನಕ್ಕೆ ಸುಮಾರು 110 ಗ್ರಾಂ ಆಹಾರ ತಿನ್ನುತ್ತದೆ. ಹತ್ತು ಸಾವಿರ ಕೋಳಿಗಳ ಶೆಡ್ ಎಂದರೆ ದಿನಕ್ಕೆ ಹನ್ನೊಂದು ಕ್ವಿಂಟಾಲ್. ಅದನ್ನು ಬುಟ್ಟಿಯಲ್ಲಿ ಹೊತ್ತು, ಮೇಲಿನ ಅಂತಸ್ತಿಗೆ ಕೈ ಎತ್ತಿ ಹಾಕುವುದು ಎಂಥ ದುಡಿಮೆ ಎಂದು ಊಹಿಸಿ. ಅದಕ್ಕೇ ಫೀಡ್ ಟ್ರಾಲಿ. ಪ್ರತಿ ಅಂತಸ್ತಿಗೂ ಒಂದೊಂದು ಡಬ್ಬಿ ಇರುವ ಈ ಗಾಡಿ ಪಂಜರದ ಸಾಲಿನುದ್ದಕ್ಕೂ ಸಾಗುವಾಗ ಎಲ್ಲ ತೊಟ್ಟಿಗಳಿಗೂ ಏಕಕಾಲಕ್ಕೆ ಒಂದೇ ಮಟ್ಟದಲ್ಲಿ ಆಹಾರ ಬೀಳುತ್ತದೆ.

ಆಹಾರ ಎಂದರೆ ಮೆಕ್ಕೆಜೋಳದ ನುಚ್ಚು, ಸೋಯಾ ಹಿಂಡಿ, ತೌಡು, ಜೊತೆಗೆ ಖನಿಜಾಂಶ ಮತ್ತು ವಿಟಮಿನ್. ಬೆಳ್ಳಗೆ ಕಾಣುವುದು ಸುಣ್ಣದ ಕಲ್ಲಿನ ನುಚ್ಚು ಅಥವಾ ಕಪ್ಪೆಚಿಪ್ಪಿನ ಪುಡಿ. ಒಂದು ಮೊಟ್ಟೆಯ ಚಿಪ್ಪು ಸುಮಾರು 5ರಿಂದ 6 ಗ್ರಾಂ ತೂಗುತ್ತದೆ, ಅದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹೆಚ್ಚುಕಡಿಮೆ ದಿನಕ್ಕೊಂದು ಮೊಟ್ಟೆ ಇಡುವ ಕೋಳಿ ಆ ಕ್ಯಾಲ್ಸಿಯಂ ಎಲ್ಲಿಂದ ತರಬೇಕು? ಆಹಾರದಲ್ಲಿ ಸಿಗದಿದ್ದರೆ ತನ್ನ ಮೂಳೆಯಿಂದ ತೆಗೆಯುತ್ತದೆ. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿ ನಡೆಯುವುದರಿಂದ ಕೆಲವು ಫಾರಂಗಳಲ್ಲಿ ಸಂಜೆಗೆ ಬರೀ ಈ ನುಚ್ಚನ್ನೇ ಆಹಾರದ ಮೇಲೆ ಉದುರಿಸುತ್ತಾರೆ. ಸಂದರ್ಭ ಗೊತ್ತಿಲ್ಲದವರು ವಿಡಿಯೊ ಮಾಡಿದರೆ "ರಾಸಾಯನಿಕ" ಎನಿಸುವುದು ಸಹಜ.

ಪೈಪಿನೊಳಗಿನ ನೀಲಿ ನೀರು

ಪಂಜರದ ಒಳಗೆ ಹಾದುಹೋಗುವ ಪೈಪು, ಅದರಲ್ಲಿ ಅಲ್ಲಲ್ಲಿ ಸಣ್ಣ ಉಕ್ಕಿನ ಕಡ್ಡಿ. ಇದಕ್ಕೆ ನಿಪ್ಪಲ್ ಎನ್ನುತ್ತಾರೆ. ಕೋಳಿ ಕಡ್ಡಿಯನ್ನು ಕೊಕ್ಕಿನಿಂದ ಕುಟ್ಟಿದರೆ ಒಂದು ಹನಿ ನೀರು ಇಳಿಯುತ್ತದೆ. ಹಿಂದೆ ತೆರೆದ ಕಾಲುವೆಯಂಥ ತೊಟ್ಟಿಯಲ್ಲಿ ನೀರು ಬಿಡುತ್ತಿದ್ದರು. ಅದರಲ್ಲಿ ಹಿಕ್ಕೆ, ಧೂಳು ಸೇರಿ ಒಂದು ಕೋಳಿಯ ರೋಗ ಇಡೀ ಸಾಲಿಗೆ ಹಬ್ಬುತ್ತಿತ್ತು. ಮುಚ್ಚಿದ ಪೈಪು ಅದನ್ನು ಎಷ್ಟೋ ತಗ್ಗಿಸಿತು.

ಕೆಲವು ವಿಡಿಯೊಗಳಲ್ಲಿ ಈ ನೀರು ನೀಲಿಯಾಗಿರುತ್ತದೆ, ಕೋಳಿಗಳ ನಾಲಗೆಯೂ ನೀಲಿ. ನೋಡಿದರೆ ಗಾಬರಿಯೇ ಆಗುತ್ತದೆ. ವಾಸ್ತವ ಹೀಗಿದೆ: ಹಳ್ಳಿಗಳಲ್ಲಿ ಕೊಕ್ಕರೆ ರೋಗ ಎಂದು ಕರೆಯುವ ರಾಣಿಖೇತ್ ರೋಗಕ್ಕೆ ಕುಡಿಯುವ ನೀರಿನಲ್ಲೇ ಲಸಿಕೆ ಕೊಡಬಹುದು. ನೀರಿನಲ್ಲಿ ಕ್ಲೋರಿನ್ ಇದ್ದರೆ ಲಸಿಕೆಯ ಜೀವಂತ ವೈರಸ್ ಸಾಯುತ್ತದೆ. ಅದನ್ನು ತಡೆಯಲು ಒಂದು ಮಾತ್ರೆ ಕರಗಿಸುತ್ತಾರೆ, ಅದರಲ್ಲಿ ನೀಲಿ ಬಣ್ಣವೂ ಇರುತ್ತದೆ. ನಾಲಗೆ ನೀಲಿಯಾದ ಕೋಳಿ ಲಸಿಕೆ ಕುಡಿದಿದೆ, ಆಗದ್ದು ಕುಡಿದಿಲ್ಲ. ಚುನಾವಣೆಯಲ್ಲಿ ಬೆರಳಿಗೆ ಶಾಯಿ ಹಚ್ಚುತ್ತಾರಲ್ಲ, ಹಾಗೆ! ಕೆಲವರು ಮಾತ್ರೆಯ ಬದಲು ಕೆನೆ ತೆಗೆದ ಹಾಲಿನ ಪುಡಿ ಬೆರೆಸುತ್ತಾರೆ, ಆಗ ನೀರು ಬೆಳ್ಳಗಿರುತ್ತದೆ.

ಆದರೆ ಇದೇ ಪೈಪಿನಲ್ಲಿ ಆ್ಯಂಟಿಬಯೋಟಿಕ್ ಕೂಡ ಕೊಡಬಹುದು ಎಂಬುದು ನಿಜ, ಇಲ್ಲಿ ಆತಂಕಕ್ಕೆ ಕಾರಣವೂ ಇದೆ. ರೋಗವಿಲ್ಲದಿದ್ದರೂ ಮುನ್ನೆಚ್ಚರಿಕೆಯೆಂದು, ಬೆಳವಣಿಗೆಗೆಂದು ಕೊಟ್ಟ ಔಷಧದಿಂದ ಬ್ಯಾಕ್ಟೀರಿಯಾಗಳು ಪಳಗುತ್ತವೆ, ಮುಂದೆ ಮನುಷ್ಯರಿಗೆ ಅದೇ ಔಷಧ ನಾಟದೆ ಹೋಗಬಹುದು. ಈ ಕಾರಣಕ್ಕೇ ಆಸ್ಪತ್ರೆಗಳಲ್ಲಿ ಕೊನೆಯ ಅಸ್ತ್ರವಾಗಿ ಬಳಸುವ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿ-ಪಕ್ಷಿಗಳಿಗೆ ಕೊಡುವುದನ್ನು ಕೇಂದ್ರ ಆರೋಗ್ಯ ಸಚಿವಾಲಯ 2019ರ ಜುಲೈನಲ್ಲಿ ನಿಷೇಧಿಸಿತು. ಶೇರ್ ಮಾಡುವುದೇ ಆದರೆ ಈ ಸುದ್ದಿ ಹೆಚ್ಚು ಯೋಗ್ಯ.

ಇಂಜೆಕ್ಷನ್ ಗನ್ ಹಾರ್ಮೋನಿನದ್ದಾ?

ಅಲ್ಲ. ಮೇಲೆ ಬಾಟಲಿ ಸಿಕ್ಕಿಸಿದ, ಪಿಸ್ತೂಲಿನಂಥ ಹಿಡಿಯ ಸಿರಿಂಜು ಲಸಿಕೆ ಹಾಕಲು ಇರುವಂಥದ್ದು. ಹಿಡಿ ಒತ್ತಿದಾಗಲೆಲ್ಲ ಒಂದೇ ಅಳತೆಯ ಡೋಸ್ ಹೋಗುತ್ತದೆ. ಮೊಟ್ಟೆ ಇಡಲು ಶುರುಮಾಡುವ ಮೊದಲು ಒಂದೊಂದೇ ಕೋಳಿಯನ್ನು ಹಿಡಿದು ಚುಚ್ಚಬೇಕಾಗುತ್ತದೆ. ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನು. ಆಹಾರದಲ್ಲಿ ಕೊಟ್ಟರೆ ಜೀರ್ಣವಾಗಿ ಹೋಗುತ್ತದೆ. ಪದೇ ಪದೇ ಚುಚ್ಚೋಣವೆಂದರೆ ಸಾವಿರಾರು ಕೋಳಿಗಳಿಗೆ ಕೂಲಿ ಕೊಟ್ಟು ಪೂರೈಸುವುದಿಲ್ಲ. ನಮ್ಮ ಕೋಳಿಗಳ ಕಾಡು ಪೂರ್ವಜ ವರ್ಷಕ್ಕೆ ಹತ್ತು-ಹದಿನೈದು ಮೊಟ್ಟೆ ಇಡುತ್ತಿತ್ತು, ಇಂದಿನ ಲೇಯರ್ 300ಕ್ಕೂ ಹೆಚ್ಚು ಇಡುತ್ತದೆ. ಇದರ ಹಿಂದೆ ಇರುವುದು ತಲೆಮಾರುಗಳ ತಳಿ ಆಯ್ಕೆ, ಆಹಾರ ಮತ್ತು ಬೆಳಕು. ದಿನಕ್ಕೆ ಸುಮಾರು 16 ಗಂಟೆ ಬೆಳಕು ಸಿಗುವಂತೆ ಬಲ್ಬ್ ಉರಿಸುತ್ತಾರೆ. "ರಾತ್ರಿಯಿಡೀ ನಿದ್ದೆಗೆಡಿಸುತ್ತಾರೆ" ಎಂಬುದು ಉತ್ಪ್ರೇಕ್ಷೆ.

ಯಾವ ಫಾರ್ವರ್ಡೂ ಕೇಳದ ಪ್ರಶ್ನೆ: ಮೇಲಿನ ಅಂತಸ್ತನ್ನು ನೋಡುವವರು ಯಾರು?

ಆಹಾರಕ್ಕೆ ಟ್ರಾಲಿ ಇದೆ, ನೀರಿಗೆ ಪೈಪ್ ಇದೆ. ಪಂಜರದ ತಳ ಮುಂದಕ್ಕೆ ಇಳಿಜಾರಾಗಿರುವುದರಿಂದ ಮೊಟ್ಟೆ ತಾನೇ ಉರುಳಿ ಹೊರಗೆ ಬರುತ್ತದೆ, ದೊಡ್ಡ ಫಾರಂಗಳಲ್ಲಿ ಅದನ್ನು ಬೆಲ್ಟ್ ಹೊತ್ತೊಯ್ಯುತ್ತದೆ. ಆದರೆ ಇವುಗಳಲ್ಲಿ ಯಾವುದೂ ಕೋಳಿಯನ್ನು ನೋಡುವುದಿಲ್ಲ. ಜುಟ್ಟು ಬಿಳಚಿದೆಯೇ, ರೆಕ್ಕೆ ಜೋತುಬಿದ್ದಿದೆಯೇ, ಕಾಲು ತಂತಿಯಲ್ಲಿ ಸಿಕ್ಕಿದೆಯೇ, ಪಕ್ಕದ ಕೋಳಿಗಳು ಕುಕ್ಕಿ ಗಾಯ ಮಾಡಿವೆಯೇ? ಇವಕ್ಕೆ ಮನುಷ್ಯನ ಕಣ್ಣೇ ಬೇಕು.

ಎರಡು ಅಂತಸ್ತಾದರೆ ನಿಂತಲ್ಲೇ ಕಾಣುತ್ತದೆ. ನಾಲ್ಕನೆಯ ಅಂತಸ್ತು ತಲೆಗಿಂತ ಮೇಲಿರುತ್ತದೆ. ಕೆಳಗಿನಿಂದ ನೋಡಿದರೆ ಕಾಣುವುದು ಕಾಲು ಮತ್ತು ತಂತಿ ಮಾತ್ರ. ಕೆಳಗಿನ ಅಂತಸ್ತಿನದ್ದು ಬೇರೆ ತೊಂದರೆ: ಅಲ್ಲಿಗೆ ಬೆಳಕು ಕಡಿಮೆ, ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಾಕಿ ನೋಡಬೇಕು. ಏಣಿ ಹಾಕೋಣವೆಂದರೆ ಸಾಲುಗಳ ನಡುವಿನ ದಾರಿ ಕಿರಿದು, ಹತ್ತು ಅಡಿಗೊಮ್ಮೆ ಇಳಿದು ಹತ್ತಬೇಕು, ಕೈಯಲ್ಲಿ ಒದ್ದಾಡುವ ಕೋಳಿ ಹಿಡಿದು ಇಳಿಯುವಾಗ ಕಾಲು ಜಾರುತ್ತದೆ.

ಇದಕ್ಕೆಂದೇ ಇರುವುದು ತಪಾಸಣೆಯ ಗಾಡಿ. ಚಕ್ರದ ಮೇಲೆ ಅಥವಾ ಹಳಿಯ ಮೇಲೆ ಸಾಗುವ, ಮನುಷ್ಯ ನಿಲ್ಲುವ ಹಲಗೆಯ, ಸುತ್ತ ಕಂಬಿಯಿರುವ ಸರಳ ಗಾಡಿ. ಬಹು ಅಂತಸ್ತಿನ ಶೆಡ್‌ಗಳಲ್ಲಿ ಹಲಗೆಯೇ ಮೇಲೇರಿ ಇಳಿಯುತ್ತದೆ. ಅದರಲ್ಲಿ ನಿಂತವರ ಕಣ್ಣು ಪಂಜರದ ಮಟ್ಟಕ್ಕೇ ಬರುತ್ತದೆ, ಎರಡೂ ಕೈ ಬಿಡುವಾಗಿರುತ್ತವೆ. ಎರಡೂ ಕೈ ಎಂಬುದು ಮುಖ್ಯ. ಪಂಜರದ ಕೋಳಿಗಳಿಗೆ ಓಡಾಟವಿಲ್ಲ, ಕ್ಯಾಲ್ಸಿಯಂ ಬಹುಪಾಲು ಚಿಪ್ಪಿಗೆ ಹೋಗುತ್ತದೆ, ಹಾಗಾಗಿ ಮೂಳೆ ಟೊಳ್ಳಾಗಿರುತ್ತದೆ. ಕೆಳಗಿನಿಂದ ಕೈ ಚಾಚಿ ಒಂದು ಕಾಲು ಹಿಡಿದು ಎಳೆದರೆ ಮೂಳೆ ಮುರಿಯುತ್ತದೆ. ಎರಡೂ ಕಾಲು ಸೇರಿಸಿ ಹಿಡಿದು, ಎದೆಗೆ ಕೈ ಆಧಾರ ಕೊಟ್ಟು ಹೊರತೆಗೆಯಬೇಕು. ಪಂಜರದ ಬಾಗಿಲು ಪೂರ್ತಿ ಅಗಲಕ್ಕೆ ತೆರೆಯುವಂತಿದ್ದರೆ ಇದು ಸುಲಭ; ಗೇಣಗಲದ ಕಿಂಡಿಯಾದರೆ ರೆಕ್ಕೆಗೆ ಪೆಟ್ಟು ಬಿದ್ದೇ ಬೀಳುತ್ತದೆ.

ಹತ್ತು ಸಾವಿರ ಕೋಳಿಗಳಲ್ಲಿ ವಾರಕ್ಕೆ ಹತ್ತರಷ್ಟು ಸಾಯುವುದು ಅಸಹಜವೇನಲ್ಲ. ಸತ್ತದ್ದನ್ನು ಅದೇ ದಿನ ತೆಗೆಯದಿದ್ದರೆ ಉಳಿದವು ಅದನ್ನು ಕುಕ್ಕುತ್ತವೆ, ಸೋಂಕು ಹರಡುತ್ತದೆ. ಸಾವಿನ ಲೆಕ್ಕ ದಿಢೀರನೆ ಏರಿದರೆ ಹಕ್ಕಿಜ್ವರದಂಥ ರೋಗದ ಮೊದಲ ಸುಳಿವೂ ಅದೇ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು. ಮೇಲಿನ ಅಂತಸ್ತಿನ ಸಾವು ನಾಲ್ಕು ದಿನ ಯಾರ ಕಣ್ಣಿಗೂ ಬೀಳದಿದ್ದರೆ ಆ ನಾಲ್ಕು ದಿನ ಕೈತಪ್ಪಿದಂತೆ. ಇನ್ನೊಂದು ವಿಷಯ, ಫಾರಂನಿಂದ ಫಾರಂಗೆ ತಿರುಗುವ ಮೊಟ್ಟೆ ಟ್ರೇ ಮತ್ತು ಗಾಡಿಗಳ ಜೊತೆಗೂ ರೋಗ ಪ್ರಯಾಣ ಮಾಡುತ್ತದೆ. ತೊಳೆದು ಸೋಂಕು ನಿವಾರಕ ಹಾಕದ ಟ್ರೇ ವಾಪಸ್ ಬರಬಾರದು.

ನೀರಿನ ಪೈಪಿಗೂ ಇದೇ ಮಾತು. ಮೇಲಿನ ಸಾಲಿನ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ಕೊನೆಯ ಪಂಜರಗಳಿಗೆ ನೀರೇ ಹೋಗುವುದಿಲ್ಲ. ಕೋಳಿ ತಿನ್ನುವುದರ ಎರಡರಷ್ಟು ತೂಕದ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಹೊಸಪೇಟೆ, ಕೊಪ್ಪಳದ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಅರ್ಧ ದಿನ ನೀರು ನಿಂತರೂ ಸಾಲುಸಾಲೇ ಸಾಯಬಹುದು. ಅನುಭವಸ್ಥರು ಬೆಳಿಗ್ಗೆ ಶೆಡ್‌ಗೆ ಹೋದ ತಕ್ಷಣ ಪ್ರತಿ ಅಂತಸ್ತಿನ ಕೊನೆಯ ನಿಪ್ಪಲ್ ಒತ್ತಿ ನೋಡುತ್ತಾರೆ. ಅಲ್ಲಿ ಹನಿ ಬಂದರೆ ಸಾಲಿಗೆಲ್ಲ ನೀರಿದೆ ಎಂದರ್ಥ.

ಹಿಕ್ಕೆ ಎಲ್ಲಿಗೆ ಹೋಗುತ್ತದೆ?

ಮೆಟ್ಟಿಲಿನಂತೆ ಹಿಂದು-ಮುಂದಾಗಿ ಜೋಡಿಸಿದ ಪಂಜರಗಳಲ್ಲಿ ಹಿಕ್ಕೆ ನೇರ ಕೆಳಗೆ ಬೀಳುತ್ತದೆ. ಅದಕ್ಕೇ ನಮ್ಮ ಕಡೆಯ ಹಲವು ಶೆಡ್‌ಗಳನ್ನು ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿರುತ್ತಾರೆ. ಒಂದರ ನೆತ್ತಿಗೊಂದು ಜೋಡಿಸಿದಲ್ಲಿ ಪ್ರತಿ ಅಂತಸ್ತಿನ ಕೆಳಗೂ ಹಿಕ್ಕೆ ಸಾಗಿಸುವ ಬೆಲ್ಟ್ ಇರಲೇಬೇಕು. ಹಿಕ್ಕೆ ಒದ್ದೆಯಾದಷ್ಟೂ ಅಮೋನಿಯಾ ಹೆಚ್ಚು. ಗಾಳಿಯಲ್ಲಿ ಅದು 25 ಪಿಪಿಎಂ ದಾಟಬಾರದು ಎಂಬುದು ಸಾಮಾನ್ಯ ಮಿತಿ. ಶೆಡ್ ಹೊಕ್ಕ ಕೂಡಲೇ ಕಣ್ಣು ಉರಿದರೆ ಅಲ್ಲೇ ಇರುವ ಕೋಳಿಗೂ, ದಿನವಿಡೀ ದುಡಿಯುವ ಕೆಲಸಗಾರರಿಗೂ ಅದು ಒಳ್ಳೆಯದಲ್ಲ.

ಹಾಗಾದರೆ ಪಂಜರ ಸರಿಯೇ?

ಇಲ್ಲಿ ಫಾರ್ವರ್ಡ್ ಹಂಚುವವರ ಸಂಕಟದಲ್ಲಿ ಸತ್ಯವಿದೆ ಎಂದೇ ನಾವು ಹೇಳುತ್ತೇವೆ. ಒಂದು ಎ4 ಹಾಳೆ ಸುಮಾರು 624 ಚದರ ಸೆಂಟಿಮೀಟರ್. ಕೇಂದ್ರ ಸರ್ಕಾರದ 2023ರ ನಿಯಮಗಳು ಒಂದು ಮೊಟ್ಟೆಕೋಳಿಗೆ ಕೇಳುವ ಕನಿಷ್ಠ ಜಾಗ 550 ಚದರ ಸೆಂಟಿಮೀಟರ್, ಅಂದರೆ ಹಾಳೆಗಿಂತಲೂ ಕಡಿಮೆ. ಅಷ್ಟರಲ್ಲಿ ರೆಕ್ಕೆ ಬಿಚ್ಚಲಾಗದು, ಮಣ್ಣು ಕೆದರಲಾಗದು, ಗೂಡು ಹುಡುಕಲಾಗದು. ಇಕ್ಕಟ್ಟಿನಲ್ಲಿ ಒಂದನ್ನೊಂದು ಕುಕ್ಕದಿರಲೆಂದು ಮರಿಯಿದ್ದಾಗಲೇ ಬಿಸಿ ಅಲಗಿನ ಯಂತ್ರದಿಂದ ಕೊಕ್ಕಿನ ತುದಿ ಕತ್ತರಿಸುತ್ತಾರೆ. ಆಗ ನೋವಾಗುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಯುರೋಪಿಯನ್ ಒಕ್ಕೂಟ ಇಂಥ ಬರಿದಾದ ಪಂಜರಗಳನ್ನು 2012ರ ಜನವರಿ 1ರಿಂದ ನಿಷೇಧಿಸಿದೆ. ಅಲ್ಲಿ ಪಂಜರವೆಂದರೆ ಕೋಳಿಗೆ 750 ಚದರ ಸೆಂಟಿಮೀಟರ್, ಜೊತೆಗೆ ಕೂರಲು ಕೋಲು, ಮೊಟ್ಟೆ ಇಡಲು ಗೂಡು ಇರಬೇಕು. ಹಾಗೆ ಮಾಡಿದರೆ ಮೊಟ್ಟೆ ಬೆಲೆ ಏರುತ್ತದೆ, ಅದೂ ನಿಜ.

ಮನೆಯಲ್ಲಿ ಮಾಡಬಹುದಾದ್ದು ಇಷ್ಟು: ಒಡೆದ, ಬಿರುಕು ಬಿಟ್ಟ ಮೊಟ್ಟೆ ಕೊಳ್ಳಬೇಡಿ. ಹಿಕ್ಕೆ ಅಂಟಿದ್ದನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಬಿಳಿಯ ಭಾಗ, ಹಳದಿ ಎರಡೂ ಗಟ್ಟಿಯಾಗುವವರೆಗೆ ಬೇಯಿಸಿ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ, ಹಕ್ಕಿಜ್ವರದ ವೈರಸ್ ಎರಡೂ ಆ ಬಿಸಿಗೆ ಉಳಿಯುವುದಿಲ್ಲ.